ಮೇಡಂ ಕೆಲಸದಲ್ಲಿ ಫ್ಯಾಟ್ ಎಷ್ಟು?

ಒಂದಾನೊಂದು ಊರಿತ್ತು. ಆ ಊರಿನಲ್ಲಿ ಹಸುಗಳು ಹೆಚ್ಚು, ಮನುಷ್ಯರು ಕಡಿಮೆ. ಹಸುಗಳು ಹಾಲು ಕೊಡುತ್ತಿದ್ದವು, ಮನುಷ್ಯರು ಅದನ್ನು ಅಳೆಯುತ್ತಿದ್ದರು. ಊರಿಗೊಂದು ಡೈರಿ, ಡೈರಿಯ ಎದುರಿಗೊಂದು ಇಸ್ಕೂಲು, ಇಸ್ಕೂಲಿಗೊಬ್ಬಳು ಮೇಡಂ. ಆ ಮೇಡಮ್ಮಿಗೆ ಯಾವ ಋಷಿ ಯಾವ ಜನ್ಮದಲ್ಲಿ ಕೊಟ್ಟ ಶಾಪವೋ, ಪಾಠ ಮಾಡಲು ಬಾಯಿ ತೆರೆದರೆ ಸಾಕು, ಬೇರೆ ಯಾವುದಾದರೂ ಕೆಲಸ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು.

ಒಂದಾನೊಂದು ಕಾಲ ಎಂದರೆ ಬಹಳ ಹಿಂದೆ ಅಂದುಕೊಳ್ಳಬೇಡಿ. ಹೋದ ತಿಂಗಳ ಒಂದು ಮಂಗಳವಾರ. ಊರು ಕೂಡ ಏಳು ಸಮುದ್ರದ ಆಚೆ ಇಲ್ಲ. ನಂಗಲಿಯಲ್ಲಿ ಬಸ್ಸಿಳಿದು, ಆಂಧ್ರದ ಲಾರಿಗಳಿಗೆಲ್ಲ ದಾರಿ ಬಿಟ್ಟು, ಬದುಕಿದ್ದರೆ ಹೈವೇ ದಾಟಿ, ಆಟೋ ಹಿಡಿದರೆ ಹತ್ತು ನಿಮಿಷ. ಹೆಸರು ಬಂಡಗುಟ್ಟಹಳ್ಳಿ. ಹೂಂ ಅನ್ನುತ್ತಿದ್ದೀರಲ್ಲ? ಹಾಗಾದರೆ ಮುಂದೆ.

ಮೇಡಂ ಹೆಸರು ರಮಾದೇವಿ. ಮುಳಬಾಗಿಲಿನಿಂದ ದಿನಾ ಬರುವವರು. ಒಂದರಿಂದ ಐದನೆಯ ಕ್ಲಾಸಿನವರೆಗೆ ಇಪ್ಪತ್ತಮೂರು ಮಕ್ಕಳು, ಅಷ್ಟಕ್ಕೂ ಅವರೊಬ್ಬರೇ. ಹಿಂದಿನ ದಿನ, ಸೋಮವಾರ ಸಂಜೆ, ಮೂರನೆಯ ಕ್ಲಾಸಿನ ತರನ್ನುಮ್ ಬಂದು ಅವರ ಸೀರೆಯ ಸೆರಗು ಹಿಡಿದುಕೊಂಡು ಕೇಳಿದ್ದಳು.

"ಮಿಸ್, ನಾಳೆ ಗಡಿಯಾರ ನೋಡೋದು ಕಲಿಸ್ತೀರಾ? ನಿಜವಾಗ್ಲೂ?"

ಆ 'ನಿಜವಾಗ್ಲೂ' ರಮಾದೇವಿಗೆ ಚುಚ್ಚಿತು. ಗಡಿಯಾರದ ಪಾಠ ಮೂರು ವಾರದಿಂದ 'ನಾಳೆ'ಯಲ್ಲೇ ನಿಂತಿತ್ತು. ಆದರೆ ತರನ್ನುಮ್‌ಗೆ ಇನ್ನು ನಾಳೆಗಳಿರಲಿಲ್ಲ. ಅವಳ ದಾದಿಗೆ, ಅಂದರೆ ಅಪ್ಪನ ಅಮ್ಮ ಅಸ್ಗರಿಗೆ, ಕಣ್ಣಿನ ಪೊರೆ ತೆಗೆಸಿದ್ದರು. ಎರಡೆರಡು ಗಂಟೆಗೊಮ್ಮೆ ಕಣ್ಣಿಗೆ ಔಷಧಿ ಹನಿ ಬಿಡಬೇಕು. ಬುಧವಾರ ಬೆಳಿಗ್ಗೆ ಅಮ್ಮಿ ತಂಗಿಯ ಹೆರಿಗೆಗೆಂದು ಪುಂಗನೂರಿಗೆ ಹೊರಡುತ್ತಾಳೆ. ಅಬ್ಬಾ ಲತೀಫ್ ಹೈವೇ ಪಕ್ಕದ ಪಂಚರ್ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು, ಫೋನೂ ಅವನ ಜೊತೆಗೇ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ದಾದಿ, ಮೊಮ್ಮಗಳು, ಗೋಡೆಯ ಮೇಲೊಂದು ಮುಳ್ಳಿನ ಗಡಿಯಾರ.

"ಅಬ್ಬಾ ಒಂದ್ಸಲ ಹೇಳ್ಕೊಟ್ರು ಮಿಸ್. ಆಮೇಲೆ ಬೈದ್ರು."

ರಮಾದೇವಿ ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು: "ನಾಳೆ ಕಲಿಸೇ ಕಲಿಸ್ತೀನಿ. ನಿನಗೆ ಕಲಿಸದೆ ನಾನು ಬಸ್ ಹತ್ತಲ್ಲ."

ಮಾತು ಕೊಟ್ಟಾಯಿತು. ರಾಕ್ಷಸರು ಎದ್ದು ಕೂತರು.

ಮಂಗಳವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ರಮಾದೇವಿ ಮಾಡಿದ ತಪ್ಪು ಒಂದೇ. ಡೈರಿಯ ಜಗಲಿಯ ಬೆಂಚಿನ ಮೇಲೆ ಕೂತರು. ಇಸ್ಕೂಲಿನಲ್ಲಿ ನೆಟ್‌ವರ್ಕ್ ಇಲ್ಲ, ಡೈರಿ ಬೆಂಚಿನಲ್ಲಿ ಎರಡು ಕಡ್ಡಿ ಸಿಗುತ್ತದೆ. ಹಿಂದಿನ ದಿನ ಮಕ್ಕಳಿಗೆ ಕೊಟ್ಟ ಮೊಟ್ಟೆಯ ಪಟ್ಟಿ ಮೇಲಿನವರಿಗೆ ಕಳಿಸಬೇಕಿತ್ತು. ಹಾಲಿನ ಕ್ಯಾನು ಹಿಡಿದು ನಿಂತ ಸಾಲಿಗೆ ಕಂಡದ್ದು ಇಷ್ಟು: ಮೇಡಂ ಕೂತಿದ್ದಾರೆ, ಕೈಯಲ್ಲಿ ಫೋನಿದೆ.

"ಏನ್ ಮೇಡಂ, ಬೆಳ್ಬೆಳಿಗ್ಗೇನೇ ರೆಸ್ಟಾ?" ಎಂದರು ಸುಬ್ಬರಾಯಪ್ಪ. ಅವರು ಡೈರಿ ಸೆಕ್ರೆಟ್ರಿ. ಊರಿನ ಹಸುಗಳ ಯೋಗ್ಯತೆಯನ್ನು ಇಪ್ಪತ್ತೆರಡು ವರ್ಷದಿಂದ ನಿರ್ಧರಿಸುತ್ತ ಬಂದವರಾದ್ದರಿಂದ ಮನುಷ್ಯರ ಯೋಗ್ಯತೆಯನ್ನೂ ಜೊತೆಗೇ ನಿರ್ಧರಿಸುತ್ತಿದ್ದರು.

"ಇಲ್ಲ ಸಾರ್, ಮೊಟ್ಟೆ ಪಟ್ಟಿ ಕಳಿಸ್ತಿದೀನಿ."

"ಕಳ್ಸಿ, ಕಳ್ಸಿ. ಆಹಾ, ಏನ್ ನೌಕರಿ ಅಂತೀನಿ! ಹತ್ತಕ್ಕೆ ಬರೋದು, ನಾಲ್ಕಕ್ಕೆ ಹೋಗೋದು. ಭಾನುವಾರ ರಜ, ದಸರಾಗೆ ರಜ, ಬೇಸಿಗೇಲಿ ಕೇಳೋದೇ ಬೇಡ. ನಮ್ ಹಸು ಒಂದಿನಾನಾದ್ರೂ, ಇವತ್ತು ಭಾನುವಾರ ಕಣಯ್ಯಾ, ಹಾಲು ಕೊಡಲ್ಲ ಹೋಗು ಅಂದೈತಾ?"

ಸಾಲು ನಕ್ಕಿತು. ಕ್ಯಾನುಗಳ ಮುಚ್ಚಳಗಳೂ ನಕ್ಕಂತೆ ಸದ್ದು ಮಾಡಿದವು.

ಬೇರೆ ದಿನವಾಗಿದ್ದರೆ ರಮಾದೇವಿಯೂ ನಕ್ಕು ಎದ್ದು ಹೋಗುತ್ತಿದ್ದರು. ಆದರೆ ಅವತ್ತು ನಾಲ್ಕೂವರೆಗೆ ಎದ್ದು, ಮನೆಯಲ್ಲಿ ಅಡುಗೆ ಮುಗಿಸಿ, ಎಣ್ಣೆ ಪ್ಯಾಕೆಟ್ಟಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಒಂದು ಗಡಿಯಾರ ಮಾಡಿ, ಅದಕ್ಕೆ ಪೊರಕೆ ಕಡ್ಡಿಯ ಮುಳ್ಳು ಸಿಕ್ಕಿಸಿ, ತಿಂಡಿ ತಿನ್ನುವುದನ್ನು ಮರೆತು ಬಸ್ಸು ಹತ್ತಿದ್ದರು. ಹಸಿದ ಹೊಟ್ಟೆಗೆ ಬೇಗ ಕೋಪ ಬರುತ್ತದೆ. ಎದ್ದು ನಿಂತರು.

"ಸೆಕ್ರೆಟ್ರಿ ಸಾರ್, ಹಾಲು ಗಟ್ಟಿಯೋ ತೆಳುವೋ ಅಂತ ನೀವು ಬಾಯಲ್ಲಿ ಹೇಳ್ತೀರಾ, ಅಳೆದು ಹೇಳ್ತೀರಾ?"

"ಅಳೆದು. ನಮ್ಮಲ್ಲಿ ಬಾಯಿಮಾತಿಲ್ಲ. ಮಿಷನ್ನು."

"ಹಂಗಾದ್ರೆ ನನ್ ಕೆಲಸಾನೂ ಅಳೀರಿ. ಒಬ್ಬರನ್ನ ಕೂರಿಸಿ. ಬೆಳಗಿಂದ ಸಂಜೆವರೆಗೂ ನಾನೇನು ಮಾಡ್ತೀನಿ ಅಂತ ಬರೀಲಿ. ಸಂಜೆ ಹಾಲಿನ ಹೊತ್ತಿಗೆ ಎಲ್ಲರ ಮುಂದೆ ಓದ್ಲಿ. ಕೆಲಸ ಮಾಡಿಲ್ಲ ಅಂತಾದ್ರೆ ನಾಳೆನೇ ವರ್ಗಾ ಕೇಳ್ಕೊಂಡು ಹೋಗ್ತೀನಿ. ಮಾಡಿದೀನಿ ಅಂತಾದ್ರೆ, ನೀವು ಇದೇ ಬೆಂಚಿನ ಮೇಲೆ ನಿಂತು ತಪ್ಪಾಯ್ತು ಅನ್ಬೇಕು."

ಸಾಲು ನಗು ನಿಲ್ಲಿಸಿತು. ಹಾಲು ಕುಡಿಯುತ್ತಿದ್ದ ಕರು ಒದ್ದಂತಾಯಿತು ಸುಬ್ಬರಾಯಪ್ಪನವರಿಗೆ. ಆದರೆ ಅಳತೆಯ ಮಾತು ಬಂದ ಮೇಲೆ ಹಿಂದೆ ಸರಿಯುವ ಹಾಗಿಲ್ಲ.

"ಲೇ ಕದಿರೇಶ!" ಎಂದು ಕೂಗಿದರು.

ಕದಿರೇಶ ಡೈರಿಯ ಟೆಸ್ಟರು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಅವನಿಗೆ ಇದ್ದ ಕೆಲಸ ನಿದ್ದೆ. ಅವನ ಕೈಗೆ ಡೈರಿಯ ಹಳೆಯ ರಿಜಿಸ್ಟರ್ ಬಂತು. ಅದರಲ್ಲಿ ಅಚ್ಚಾಗಿದ್ದ ಕಾಲಂಗಳು ಸಮಯ, ಹೆಸರು, ಲೀಟರು, ಫ್ಯಾಟು, ಷರಾ. ಫ್ಯಾಟು ಎಂದರೆ ಹಾಲಿನ ಕೊಬ್ಬು, ಅದು ಏರಿದಷ್ಟೂ ಹಾಲಿಗೆ ಬೆಲೆ.

"ಇದ್ರಲ್ಲಿ ಮೇಡಂ ಕೆಲಸ ಹೆಂಗಣ್ಣಾ ಬರೀಲಿ?"

"ಹಾಲು ಬರೆಯೋ ಹಂಗೇ ಬರಿ. ಸಾಧಾರಣ ಕೆಲಸಕ್ಕೆ ಫ್ಯಾಟು ಮೂರೂವರೆ. ಗಟ್ಟಿ ಕೆಲಸಕ್ಕೆ ನಾಲ್ಕರ ಮೇಲೆ. ಕಣ್ಣಿಗೆ ಕಂಡಿದ್ದು ಮಾತ್ರ ಹಾಲು. ಕಾಣದೇ ಇದ್ದಿದ್ದೆಲ್ಲ ನೀರು. ಷರಾದಲ್ಲಿ ನೀರು ಅಂತ ಹಾಕು."

ಇಲ್ಲಿ ಒಂದು ವಿಷಯ ಹೇಳಬೇಕು. ಡೈರಿ ಜಗಲಿಯಿಂದ ನೋಡಿದರೆ ಇಸ್ಕೂಲಿನ ಗೇಟು, ಅಂಗಳ, ನಲ್ಲಿ, ಅಡುಗೆ ಮನೆ ಎಲ್ಲ ಕಾಣುತ್ತದೆ. ಕ್ಲಾಸಿನ ಕಿಟಕಿ ಮಾತ್ರ ಹಿಂದುಗಡೆಗೆ. ಬಾಗಿಲೊಳಗೆ ಗವಿಯಂತೆ ಕತ್ತಲು. ಕೋಪದ ರಭಸದಲ್ಲಿ ರಮಾದೇವಿಗೆ ಇದು ಹೊಳೆಯಲಿಲ್ಲ.

ಒಂಬತ್ತೂವರೆಗೆ ಬೀಗ ತೆಗೆದರು. ರಾತ್ರಿ ಜಗಲಿಯಲ್ಲಿ ತಂಗಿದ್ದ ಎರಡು ಮೇಕೆಗಳನ್ನು ಎಬ್ಬಿಸಿ ಕಳಿಸಿದರು, ಅವು ಬಿಟ್ಟುಹೋದದ್ದನ್ನು ಗುಡಿಸಿದರು, ಪ್ರಾರ್ಥನೆ ಮಾಡಿಸಿದರು. ಅಡುಗೆಯ ಬಚ್ಚಮ್ಮ ಹಾಲಿನ ಪುಡಿ ಕಲಸಿ ಕುದಿಸಿ ತಂದಳು. ಮೂರು ಸಾವಿರ ಲೀಟರು ಹಾಲು ಕರೆಯುವ ಊರಿನ ಮಕ್ಕಳು ಸಾಲಾಗಿ ನಿಂತು ಪುಡಿ ಹಾಲು ಕುಡಿದರು. ಕುಡಿಯುವ ಫೋಟೋ ತೆಗೆದರು. ಲೋಟ ತೊಳೆಸಿದರು. ಹತ್ತೂ ಹತ್ತಕ್ಕೆ ಒಳಗೆ ಹೋಗಿ ರಟ್ಟಿನ ಗಡಿಯಾರವನ್ನು ಎತ್ತಿ ಹಿಡಿದರು.

"ಎಲ್ರೂ ಇಲ್ಲಿ ನೋಡಿ. ಇದು ಚಿಕ್ಕ ಮುಳ್ಳು. ಇದು ಹೇಳೋದು..."

ಫೋನು ಹೊಡೆದುಕೊಂಡಿತು. ಇಡೀ ಇಸ್ಕೂಲಿನಲ್ಲಿ ಎಲ್ಲೂ ಸಿಗದ ನೆಟ್‌ವರ್ಕು ಅಮರನಾಥ್ ಸಾರ್ ಫೋನಿಗೆ ಮಾತ್ರ ಹೇಗೋ ಸಿಗುತ್ತಿತ್ತು. ಅಮರನಾಥ್ ಎಂದರೆ ಸುತ್ತಲಿನ ಹತ್ತು ಶಾಲೆಗಳಿಗೆ ಮೇಲಿನಿಂದ ಬಂದ ಅರ್ಜೆಂಟುಗಳನ್ನು ಹಂಚುವ ಅಧಿಕಾರಿ.

"ಮೇಡಂ, ತುಂಬಾ ಅರ್ಜೆಂಟು. ಶೌಚಾಲಯದ ಫೋಟೋ ನಿನ್ನೇನೇ ಕಳಿಸ್ಬೇಕಿತ್ತು."

"ನಿನ್ನೆ ನೀವು ಹೇಳ್ಲೇ ಇಲ್ವಲ್ಲ ಸಾರ್?"

"ಅದಕ್ಕೇ ಅರ್ಜೆಂಟು. ಪಕ್ಕದಲ್ಲಿ ನೀವೂ ನಿಂತಿರ್ಬೇಕು, ಬಾಗಿಲು ತೆಗೆದಿರ್ಬೇಕು, ನಲ್ಲೀಲಿ ನೀರು ಬರ್ತಿರ್ಬೇಕು. ಹನ್ನೊಂದರೊಳಗೆ."

ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ರಮಾದೇವಿ ಟ್ಯಾಂಕಿನ ವಾಲ್ವು ತಿರುಗಿಸಿದರು, ಅದು ಅವರನ್ನೇ ತಿರುಗಿಸಿತು. ಬಚ್ಚಮ್ಮ ಕೊಡದಲ್ಲಿ ನೀರು ತಂದು ಮೇಲಿನಿಂದ ಸುರಿದಳು, ಕೆಳಗೆ ಬಂತು, ಫೋಟೋ ಬಂತು. ಕಳಿಸಲು ನೆಟ್‌ವರ್ಕು ಬೇಕಲ್ಲ, ಕಾಂಪೌಂಡಿನ ಮೂಲೆಗೋಡೆ ಹತ್ತಬೇಕು. ಸೀರೆ ಎತ್ತಿ ಸಿಕ್ಕಿಸಿ, ಗೋಡೆ ಹತ್ತಿ, ಕೈಯೆತ್ತಿ ನಿಂತರು. ಶಾಪಕ್ಕೆ ಸಿಕ್ಕಿ ಕಲ್ಲಾದ ಅಪ್ಸರೆಯಂತೆ ಕಾಣುತ್ತಿದ್ದರು, ಕೈಯಲ್ಲಿ ಹೂಮಾಲೆಯ ಬದಲು ಶೌಚಾಲಯದ ಫೋಟೋ.

"ಮೇಡಂ, ಇದನ್ನ ಏನಂತ ಬರೀಲಿ?" ಕದಿರೇಶ ರಸ್ತೆಯಾಚೆಯಿಂದ ಕೂಗಿದ.

"ಕೆಲಸ ಅಂತ ಬರಿಯೋ!"

ಅವನು ಸ್ವಲ್ಪ ಹೊತ್ತು ಯೋಚಿಸಿ ಮೂರು ಪಾಯಿಂಟ್ ಎಂಟು ಹಾಕಿದ.

ಹನ್ನೊಂದೂ ಕಾಲಿಗೆ ಮತ್ತೆ ಒಳಗೆ. "ಚಿಕ್ಕ ಮುಳ್ಳು ಗಂಟೆ ಹೇಳ್ತದೆ ಅಂತಿದ್ದೆ ಅಲ್ವಾ? ಈಗ ದೊಡ್ಡ ಮುಳ್ಳು..."

"ಏಮ್ಮಾ ಮೇಡಮ್ಮು!"

ಬಾಗಿಲಲ್ಲಿ ದೊಡ್ಡಗಂಗಮ್ಮ. ಎಂಬತ್ತರ ಮುದುಕಿ, ನಾಲ್ಕು ಹಸುಗಳ ಒಡತಿ.

"ನಮ್ ಮೊಮ್ಮಗ ಹೇಳ್ದ, ಓಟಿನ ಪಟ್ಟೀಲಿ ನಾನು ಸತ್ತೋಗಿದೀನಂತೆ. ನಿಜವೇನಮ್ಮಾ?"

ಆ ಪಟ್ಟಿಯ ಕೆಲಸವೂ ರಮಾದೇವಿಯದೇ. "ಅಜ್ಜೀ, ಪಾಠ ಮಾಡ್ತಿದೀನಿ. ಒಂದರ್ಧ ಗಂಟೆ ಕೂತ್ಕೊಳ್ಳಿ, ಆಮೇಲೆ ನೋಡೋಣ."

"ಪಾಠ ಎಲ್ಲಿ ಓಡೋಗ್ತದೆ ನಾ ತಲ್ಲೀ? ಓಡೋಗೋಳು ನಾನು. ನಿಜವಾಗ್ಲೂ ಹೋಗೋಕೆ ಮುಂಚೆ ಬದುಕಿದೀನಿ ಅಂತ ಬರ್ಕೊಡು."

ಬದುಕಿದ್ದಾಳೆಂದು ಬರೆಯುವುದು ಸುಲಭವಲ್ಲ. ಅರ್ಜಿ ತುಂಬಬೇಕು, ಆಧಾರ್ ಕಾರ್ಡು ನೋಡಬೇಕು, ಬೆಳಕಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಕು. ದೊಡ್ಡಗಂಗಮ್ಮ ಫೋಟೋ ಎಂದರೆ ಕಣ್ಣು ಮುಚ್ಚುತ್ತಿದ್ದಳು.

"ಕಣ್ಣು ತೆಗೀರಿ ಅಜ್ಜೀ. ಹಿಂಗೆ ಬಂದ್ರೆ ಪಟ್ಟೀಲಿರೋದೇ ಸರಿ ಅಂತಾರೆ."

ಹನ್ನೆರಡನೆಯ ಫೋಟೋದಲ್ಲಿ ಅಜ್ಜಿ ಬದುಕಿದ್ದಳು. ಅಷ್ಟರಲ್ಲಿ ಗಂಟೆ ಹನ್ನೆರಡೂವರೆ. ಕದಿರೇಶ ನಾಲ್ಕು ಹಾಕಿದ. ಸತ್ತವರನ್ನು ಬದುಕಿಸುವುದು ಗಟ್ಟಿ ಕೆಲಸವೇ ಎಂದು ಅವನಿಗೂ ಅನ್ನಿಸಿತ್ತು.

ಇನ್ನೊಮ್ಮೆ ಒಳಗೆ ಹೋಗಿ ಮುಳ್ಳು ತಿರುಗಿಸುವಷ್ಟರಲ್ಲಿ ಬಚ್ಚಮ್ಮ ಅನ್ನದ ತಪ್ಪಲೆ ಬಡಿದಳು. ಊಟದ ಜೊತೆ ಮೊಟ್ಟೆ. ಮೊಟ್ಟೆ ಎಂದರೆ ತಿನ್ನುವ ವಸ್ತುವೆಂದು ತಿಳಿದಿದ್ದರೆ ನಿಮಗೆ ಇಸ್ಕೂಲು ಗೊತ್ತಿಲ್ಲ. ಎಣಿಸಿ ಬೇಯಿಸಬೇಕು, ಎಣಿಸಿ ಸುಲಿಯಬೇಕು, ಪ್ರತಿ ಮಗುವೂ ಮೊಟ್ಟೆ ಎತ್ತಿ ಹಿಡಿದ ಫೋಟೋ ಬರಬೇಕು. ಇಪ್ಪತ್ತೆರಡು ಮಕ್ಕಳು ಮೊಟ್ಟೆಯನ್ನು ಕಪ್ ಗೆದ್ದವರಂತೆ ಎತ್ತಿ ಹಿಡಿದರು. ಒಂದನೆಯ ಕ್ಲಾಸಿನ ಫರ್ಹಾನ್ ಕೈ ಖಾಲಿ, ಕೆನ್ನೆ ತುಂಬಿತ್ತು.

"ಲೇ, ಫೋಟೋಗೆ ಮುಂಚೆನೇ ತಿಂದ್ಬಿಟ್ಟೇನೋ!" ಬಚ್ಚಮ್ಮ ಹೌಹಾರಿದಳು.

ಅವನು ತಲೆಯಾಡಿಸಿ ಅಗಿಯುತ್ತಲೇ ಇದ್ದ. ಇಪ್ಪತ್ತಮೂರಕ್ಕೆ ಇಪ್ಪತ್ತೆರಡೇ ಫೋಟೋ ಏಕೆ ಎಂದು ಅಮರನಾಥ್ ಸಾರ್ ಕೇಳುವುದು ಖಂಡಿತ. ಅದಕ್ಕೊಂದು ವಿವರಣೆ ಬರೆಯಬೇಕು, ಬಚ್ಚಮ್ಮನ ಸಹಿ ಹಾಕಿಸಬೇಕು, ಮತ್ತೆ ಗೋಡೆ ಹತ್ತಬೇಕು. ಹತ್ತಿದರು. ಇಳಿದಾಗ ತರನ್ನುಮ್ ಗೋಡೆಯ ಬುಡದಲ್ಲಿ ರಟ್ಟಿನ ಗಡಿಯಾರ ತಬ್ಬಿಕೊಂಡು ನಿಂತಿದ್ದಳು.

"ಮಿಸ್, ಊಟ ಆದ್ಮೇಲೆ ಕಲಿಸ್ತೀರಾ?"

"ಈಗ್ಲೇ ಬಾ," ಎಂದರು ರಮಾದೇವಿ. ತಮ್ಮ ಡಬ್ಬಿಯನ್ನು ಬಿಚ್ಚಲೂ ಇಲ್ಲ. ಎರಡು ಗಂಟೆಗೆ ಮೂರನೆಯ ಕ್ಲಾಸಿನವರನ್ನು ಸುತ್ತ ಕೂರಿಸಿಕೊಂಡು, ನಾಲ್ಕೈದನೆಯವರಿಗೆ ಲೆಕ್ಕ ಕೊಟ್ಟು, ಒಂದೆರಡನೆಯವರಿಗೆ ಅಕ್ಷರ ತಿದ್ದಲು ಹೇಳಿ, ಶುರು ಮಾಡಿದರು. ಈ ಸಲ ಮುಳ್ಳು ನಿಜವಾಗಿಯೂ ತಿರುಗಿತು. ತರನ್ನುಮ್ ಗಂಟೆ ಹೇಳುವುದನ್ನು ಕಲಿತೇಬಿಟ್ಟಳು. ನಿಮಿಷದ ಮುಳ್ಳಿಗೆ ಕೈ ಹಾಕುವಷ್ಟರಲ್ಲಿ ಹೊಸ್ತಿಲ ಮೇಲೆ ನೆರಳು ಬಿತ್ತು.

ಸುಬ್ಬರಾಯಪ್ಪ.

"ಮೇಡಂ, ಒಂದ್ ಹತ್ತು ನಿಮಿಷ ಬನ್ನಿ. ಹಾಲು ತಣ್ಣಗೆ ಮಾಡೋ ಮಿಷನ್ ಕೆಟ್ಟೋಗಿದೆ. ಮೇಲಿನೋರಿಗೆ ಇಂಗ್ಲಿಷಲ್ಲಿ ಒಂದು ಲೆಟರ್ ಬರೀಬೇಕು."

"ಸಾರ್, ಪಾಠ ಮಾಡ್ತಿದೀನಿ."

"ಅಯ್ಯೋ, ನಾನು ಬಾಗಿಲಲ್ಲಿ ನಿಂತು ನೋಡ್ದೆ. ಸುಮ್ನೆ ಮಕ್ಕಳ ಜೊತೆ ಮಾತಾಡ್ತಾ ಕೂತಿದ್ರಿ. ಬಿಡುವಾಗಿದೀರಿ ಅಂತಾನೇ ಕರೆದೆ."

ರಮಾದೇವಿ ಅವರನ್ನು ನೋಡಿದ ನೋಟಕ್ಕೆ ಬೇರೆ ಕತೆಗಳಲ್ಲಿ ಮನುಷ್ಯ ಬೂದಿಯಾಗುತ್ತಾನೆ. ಸುಬ್ಬರಾಯಪ್ಪ ಒಂದು ಹೆಜ್ಜೆ ಹಿಂದೆ ಸರಿದರಷ್ಟೆ.

"ಬರಲ್ಲ ಸಾರ್."

"ಸಂಜೆ ಹಾಲೆಲ್ಲ ಒಡೆದೋಗ್ತದೆ ಮೇಡಂ. ನಂದಲ್ಲ, ಊರಿಂದು. ಬಚ್ಚಮ್ಮಂದೂ ಸೇರಿ."

ಅಡುಗೆ ಮನೆಯ ಬಾಗಿಲಲ್ಲಿ ಬಚ್ಚಮ್ಮ ಸೌಟು ಹಿಡಿದು ನಿಂತಿದ್ದಳು. ಅವಳ ಹಸು ಒಂದೇ, ಅದರ ಹಾಲಿನ ಮೇಲೆ ಮನೆ ನಿಂತಿದೆ ಎಂದು ರಮಾದೇವಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಕೊಡ ಹೊತ್ತು ಶೌಚಾಲಯದ ಮಾನ ಉಳಿಸಿದ್ದೂ ಅವಳೇ.

"ಹತ್ತೇ ನಿಮಿಷ," ಎಂದರು ತರನ್ನುಮ್‌ಗೆ.

ಹತ್ತು ನಿಮಿಷದಲ್ಲಿ ಲೆಟರ್ ಆಯಿತು. ಸುಬ್ಬರಾಯಪ್ಪನವರಿಗೆ ಸಾಕಾಗಲಿಲ್ಲ. 'ರೆಸ್ಪೆಕ್ಟೆಡ್' ಒಂದೇ ಕಡೆ ಇದೆ, ಮೂರು ಕಡೆಯಾದರೂ ಬೇಕು ಎಂದರು. ಬಳಿಕ ಅದನ್ನು ಕಂಪ್ಯೂಟರಿನಲ್ಲಿ ಹೊಡೆಯಬೇಕು ಎಂದರು. ಕಂಪ್ಯೂಟರು ಬಿಚ್ಚಿಕೊಳ್ಳಲು ಇಪ್ಪತ್ತು ನಿಮಿಷ, ಮುಚ್ಚಿಕೊಳ್ಳಲು ಎರಡು ಸೆಕೆಂಡು ತೆಗೆದುಕೊಳ್ಳುವಂಥದ್ದು. ಮೂರು ಸಲ ಮುಚ್ಚಿಕೊಂಡಿತು. ನಡುನಡುವೆ ರಮಾದೇವಿ ರಸ್ತೆ ದಾಟಿ ಮಕ್ಕಳನ್ನು ನೋಡಿ, ಒಬ್ಬನ ಜಗಳ ಬಿಡಿಸಿ, ಮತ್ತೆ ರಸ್ತೆ ದಾಟಿ ಬರುತ್ತಿದ್ದರು. ಕೊನೆಗೆ ಲೆಟರ್ ಹೋಯಿತು. ಮೇಲಿನವರು ಫೋನ್ ಮಾಡಿ, ಜನ ಕಳಿಸುತ್ತೇವೆ, ಅಲ್ಲಿಯವರೆಗೆ ಐಸು ಹಾಕಿ ಎಂದರು. ಅಷ್ಟು ಹೊತ್ತಿಗೆ ಬಚ್ಚಮ್ಮ ಕೊನೆಯ ಗಂಟೆ ಹೊಡೆದು, ಮಕ್ಕಳನ್ನು ಕಳಿಸಿ, ಪಾತ್ರೆ ತೊಳೆದಾಗಿತ್ತು.

ಡೈರಿ ಬಾಗಿಲಿಂದ ರಮಾದೇವಿ ನೋಡಿದರು. ಇಸ್ಕೂಲಿನ ಹೊಸ್ತಿಲ ಮೇಲೆ ಒಂದು ಮಗು ಮಾತ್ರ ಉಳಿದಿತ್ತು. ಎರಡು ಜಡೆ, ಮಡಿಲಲ್ಲಿ ರಟ್ಟಿನ ಗಡಿಯಾರ.

ಹೊರಡಬೇಕೆಂದು ಕಾಲೆತ್ತಿದರೆ ಸಂಜೆಯ ಹಾಲಿನ ಸಾಲು ಬಾಗಿಲಿಗೆ ಅಡ್ಡ ನಿಂತಿತ್ತು. ಇಡೀ ಊರೇ ಬಂದಿತ್ತು.

"ಎಲ್ಲಿಗೆ ಮೇಡಂ? ಲೆಕ್ಕ ಓದೋದು ಬೇಡ್ವಾ?" ಎಂದರು ಸುಬ್ಬರಾಯಪ್ಪ. "ಲೇ ಕದಿರೇಶ, ಓದು."

ಕದಿರೇಶ ಗಂಟಲು ಸರಿಮಾಡಿಕೊಂಡ.

"ಒಂಬತ್ತೂವರೆ: ಬೀಗ ತೆಗೆದ್ರು, ಮೇಕೆ ಓಡಿಸಿದ್ರು, ಹಿಕ್ಕೆ ಗುಡಿಸಿದ್ರು. ಫ್ಯಾಟು ಮೂರೂವರೆ. ಒಂಬತ್ತೂ ಐವತ್ತು: ಹಾಲು ಕುಡಿಸಿದ್ರು, ಲೋಟ ತೊಳೆಸಿದ್ರು. ಮೂರು ಪಾಯಿಂಟ್ ಆರು. ಹತ್ತೂ ಹತ್ತು: ಒಳಗೋದ್ರು. ನೀರು. ಹತ್ತೂ ಹದಿನೈದು: ವಾಲ್ವು ತಿರುಗಿಸಿದ್ರು, ಗೋಡೆ ಹತ್ತಿದ್ರು. ಮೂರು ಪಾಯಿಂಟ್ ಎಂಟು. ಹನ್ನೊಂದೂ ಕಾಲು: ಒಳಗೋದ್ರು. ನೀರು. ಹನ್ನೊಂದೂ ಇಪ್ಪತ್ತು: ದೊಡ್ಡಗಂಗಮ್ಮನ್ನ ಬದುಕಿಸಿದ್ರು. ನಾಲ್ಕು."

"ನಿಜ ಕಣ್ರಯ್ಯಾ," ಎಂದಳು ಬದುಕಿದ್ದ ದೊಡ್ಡಗಂಗಮ್ಮ.

ಓದುತ್ತಾ ಓದುತ್ತಾ ಸಾಲು ಗುಂಪಾಯಿತು, ಕ್ಯಾನುಗಳು ನೆಲಕ್ಕಿಳಿದವು. ಮೊಟ್ಟೆ ಬಂತು, ವಿವರಣೆ ಬಂತು, ಎರಡನೆಯ ಸಲ ಗೋಡೆ ಬಂತು, ರಸ್ತೆ ದಾಟಿದ್ದು ಹದಿನಾಲ್ಕು ಸಲ ಎಂದು ಬಂತು. "ಲೆಟರು: ಐದು ಪಾಯಿಂಟ್ ಎರಡು," ಎಂದಾಗ ಗುಂಪು "ಅಬ್ಬಾ!" ಎಂದಿತು. ಅಷ್ಟು ಫ್ಯಾಟು ಆ ಊರಿನ ಯಾವ ಹಸುವೂ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಡೈರಿಯಲ್ಲಿ ಅದರ ಫೋಟೋ ಹಾಕುತ್ತಿದ್ದರು.

"ಇಡೀ ದಿನದಲ್ಲಿ ಊಟಕ್ಕೆ ಕೂತಿದ್ದು: ಇಲ್ಲ. ನೀರು ಕಳೆದು ಸರಾಸರಿ ನಾಲ್ಕು ಪಾಯಿಂಟ್ ಒಂದು," ಎಂದು ಕದಿರೇಶ ರಿಜಿಸ್ಟರ್ ಮುಚ್ಚಿದ.

ಸುಬ್ಬರಾಯಪ್ಪ ಹೆಗಲ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿದರು. ಬೆಂಚಿನ ಮೇಲೆ ಹತ್ತಿದರು.

"ಮೇಡಂ, ತಪ್ಪಾಯ್ತು. ಇಷ್ಟು ವರ್ಷ ನಾನು ಕಣ್ಣಿದ್ದೂ ಕುರುಡ. ಇಷ್ಟು ಕೆಲಸ ಮಾಡೋ ಹೆಂಗಸನ್ನ ನಾನು ನೋಡಿಲ್ಲ."

ರಮಾದೇವಿಯ ಎದೆ ಉಬ್ಬಿತು. ಒಂದು ಗಳಿಗೆ, ಆನೆ ಬಂದು ಸೊಂಡಿಲಲ್ಲಿ ಹಾರ ಹಾಕುವುದೊಂದೇ ಬಾಕಿ ಅನ್ನಿಸಿತು.

"ಆದ್ರೂ," ಎಂದರು ಸುಬ್ಬರಾಯಪ್ಪ ಬೆಂಚಿನ ಮೇಲಿಂದಲೇ, "ಟೆಸ್ಟಿಂಗ್ ಅಂದ್ರೆ ಟೆಸ್ಟಿಂಗು. ನಾಲ್ಕು ಸಲ ನೀರು ಸಿಕ್ಕಿದೆ. ಒಳಗೋಗಿದಾರೆ."

"ಥೂ, ಸುಮ್ನಿರಯ್ಯ!" ದೊಡ್ಡಗಂಗಮ್ಮ ಸಿಡಿದಳು. "ಅಷ್ಟು ಗೇಯ್ದವಳು ನೆರಳಲ್ಲಿ ಹೋಗಿ ಐದೈದು ನಿಮಿಷ ಸುಧಾರಿಸ್ಕೊಂಡ್ರೆ ತಪ್ಪಾ? ಪಾಪಮು."

"ಸುಧಾರಿಸ್ಕೊಳ್ಳೋಕಲ್ಲ ಅಜ್ಜೀ!" ರಮಾದೇವಿ ಕೂಗಿದರು. "ಅದೇ ನನ್ ಕೆಲಸ! ಪಾಠ ಮಾಡೋಕೆ ಹೋಗಿದ್ದು!"

ಕದಿರೇಶನ ಬಾಯಿ ತೆರೆದೇ ಇತ್ತು.

"ಇಷ್ಟೆಲ್ಲ ಮಾಡೋದು ಸಾಲ್ದು ಅಂತ," ಎಂದರು ಸುಬ್ಬರಾಯಪ್ಪ, "ಪಾಠಾನೂ ನಿಮ್ ಕೈಲೇ ಮಾಡಿಸ್ತಾರಾ?"

"ಅಯ್ಯಯ್ಯೋ, ಏನ್ ಜನ ಇವ್ರು ಮೇಲಿನೋರು!" ಎಂದರು ಯಾರೋ.

"ಒಬ್ಬ ಹೆಂಗಸು ಎಷ್ಟು ಅಂತ ಮಾಡ್ತಾಳೆ?"

"ಸಾರ್, ನಾನು ಬಂದಿರೋದೇ ಪಾಠ ಮಾಡೋಕೆ!"

"ನೋಡಿ, ಎಂಥ ದೊಡ್ಡ ಮನಸ್ಸು!" ಸುಬ್ಬರಾಯಪ್ಪ ಕಣ್ಣೊರೆಸಿಕೊಂಡರು. "ಬಾಯಿ ಬಿಟ್ಟು ಕಷ್ಟ ಹೇಳ್ಕೊಳ್ಳಲ್ಲ. ನಾವು ಹೇಳ್ಬೇಕು. ಕದಿರೇಶ, ನಿರ್ಣಯದ ಪುಸ್ತಕ ತಗೊಂಬಾ!"

ರಮಾದೇವಿ ಬೇಡವೆಂದರು, ಕೈ ಅಡ್ಡ ಹಿಡಿದರು, ಪುಸ್ತಕ ಕಸಿಯಲು ಹೋದರು. ಆಯಾಸದಿಂದ ಹೀಗಾಡುತ್ತಿದ್ದಾರೆಂದು ನಾಲ್ಕು ಜನ ಹೆಂಗಸರು ಅವರನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿ ಮಜ್ಜಿಗೆ ಕುಡಿಸಿದರು. ಅಷ್ಟರಲ್ಲಿ ನಿರ್ಣಯ ಬರೆದಾಯಿತು:

'ನಮ್ಮ ಗ್ರಾಮದ ಶಿಕ್ಷಕಿಯವರಿಗೆ ಕೆಲಸದ ಹೊರೆ ವಿಪರೀತವಾಗಿರುವುದನ್ನು ಈ ದಿನ ಖುದ್ದು ಅಳೆದು ನೋಡಲಾಗಿದೆ. ಆದ್ದರಿಂದ ಸದರಿಯವರನ್ನು ಪಾಠ ಮಾಡುವ ಹೆಚ್ಚುವರಿ ಕೆಲಸದಿಂದ ದಯಮಾಡಿ ಬಿಡುಗಡೆ ಮಾಡಬೇಕೆಂದು ಸಮಸ್ತ ಗ್ರಾಮಸ್ಥರ ಕೋರಿಕೆ.'

ನಲವತ್ತೊಂದು ಸಹಿ, ಹದಿನಾರು ಹೆಬ್ಬೆಟ್ಟು. ಫೋಟೋ ತೆಗೆದು ಅಮರನಾಥ್ ಸಾರ್‌ಗೆ ಕಳಿಸಿದರು. ಡೈರಿಯಲ್ಲಿ ನೆಟ್‌ವರ್ಕಿಗೇನು ಬರವೇ? ತಟ್ಟನೆ ಹೋಯಿತು. ಮಜ್ಜಿಗೆಯ ಲೋಟ ಕೆಳಗಿಡುವ ಮುಂಚೆ ರಮಾದೇವಿಯ ಫೋನು ಹೊಡೆದುಕೊಂಡಿತು.

"ಮೇಡಂ, ಅಭಿನಂದನೆ! ಕಂಪ್ಲೇಂಟ್ ಬಿಟ್ಟು ಬೇರೆ ಅರ್ಜಿ ಒಂದೂರಿಂದ ಬಂದಿರೋದು ನನ್ ಸರ್ವೀಸಲ್ಲೇ ಇದು ಮೊದಲು. ನಿಮ್ ಕೆಪ್ಯಾಸಿಟಿ ನಮಗೇ ಗೊತ್ತಿರ್ಲಿಲ್ಲ. ಒಂದ್ ವಿಷಯ, ಪಕ್ಕದೂರಿನ ಮೇಷ್ಟ್ರು ತಿಂಗಳ ರಜೆ ಹಾಕಿದಾರೆ. ಅವರ ಮೊಟ್ಟೆ, ಹಾಲು, ಓಟಿನ ಪಟ್ಟಿ, ಎಲ್ಲಾ ನಾಳೆಯಿಂದ ನೀವೇ ನೋಡ್ಕೊಳ್ಳಿ."

"ಮತ್ತೆ ಪಾಠ ಸಾರ್?"

"ಅದು ಹೆಂಗೂ ಊರವರೇ ಬೇಡ ಅಂತಿದಾರಲ್ಲ. ಬಿಡುವಾದಾಗ ಮಾಡ್ಕೊಳ್ಳಿ. ಆಂ, ಮೇಡಂ, ಇನ್ನೊಂದು ಅರ್ಜೆಂಟು..."

ರಮಾದೇವಿ ಎದ್ದರು. ಮಾತಾಡುತ್ತಲೇ ಇದ್ದ ಫೋನನ್ನು ಸುಬ್ಬರಾಯಪ್ಪನವರ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು.

"ಸೆಕ್ರೆಟ್ರಿ ಸಾರ್, ಯಾರು ಕೇಳಿದ್ರೂ ಒಂದೇ ಮಾತು ಹೇಳಿ. ಮೇಡಂ ಸುಮ್ನೆ ಮಕ್ಕಳ ಜೊತೆ ಮಾತಾಡ್ತಾ ಕೂತಿದಾರೆ, ಎದ್ದು ಬರಲ್ಲ ಅಂತ. ಇವತ್ತೂ ಬರಲ್ಲ, ನಾಳೆನೂ ಬರಲ್ಲ. ನೀವು ಇನ್ನೂ ನೂರು ಜನರ ಹೆಬ್ಬೆಟ್ಟು ಒತ್ತಿಸಿ, ನಾನು ಒಳಗೋಗೋದು ಒಳಗೋಗೋದೇ."

ಹದಿನೈದನೆಯ ಸಲ ರಸ್ತೆ ದಾಟಿದರು. ಕೊನೆಯ ಆಟೋದವನು ಹಾರನ್ ಹೊಡೆದ, "ಮೇಡಂ, ನಂಗಲಿ! ಬಸ್ ಹೋಗ್ಬಿಡ್ತದೆ!" ಎಂದ. ಹೋಗಲಿ ಎಂದು ಕೈಯಾಡಿಸಿದರು. ತರನ್ನುಮ್‌ಳನ್ನು ಒಳಗೆ ಕರೆದುಕೊಂಡು, ಈ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಬಾಗಿಲಿನ ಅಗುಳಿ ಹಾಕಿದರು.

ರಸ್ತೆಯ ಆಚೆ ಕದಿರೇಶ ಅಭ್ಯಾಸಬಲದಿಂದ ಪೆನ್ನು ತೆಗೆದ. "ಅಣ್ಣಾ, ಮತ್ತೆ ಒಳಗೋದ್ರು."

"ನೀರು ಅಂತ ಹಾಕು," ಎಂದರು ಸುಬ್ಬರಾಯಪ್ಪ ಮೆಲ್ಲಗೆ, ಕೈಯಲ್ಲಿ ಕಿರುಚುತ್ತಿದ್ದ ಫೋನನ್ನು ದೂರ ಹಿಡಿದು. "ಸುಧಾರಿಸ್ಕೊಳ್ಳಲಿ, ಪಾಪ."

ಒಳಗೆ ಹಿಂದಿನ ಕಿಟಕಿಯಿಂದ ಇಳಿಬಿಸಿಲು ಬಂದು ಗೋಡೆಯ ಮೇಲಿತ್ತು. ರಮಾದೇವಿ ನೆಲದ ಮೇಲೆ ಕಾಲು ಚಾಚಿ ಕೂತು, ಡಬ್ಬಿ ಬಿಚ್ಚಿ, ತಣ್ಣಗಾದ ಚಿತ್ರಾನ್ನದಲ್ಲಿ ಅರ್ಧ ತರನ್ನುಮ್‌ಗೆ ಕೊಟ್ಟರು.

"ಒಂದೊಂದು ಅಂಕೀನೂ ಒಂದೊಂದು ಮನೆ. ಚಿಕ್ಕ ಮುಳ್ಳು ದೊಡ್ಡಗಂಗಮ್ಮಜ್ಜಿ ಥರ. ಮನೆಯಿಂದ ಮನೆಗೆ ಹೋಗೋಕೆ ಒಂದು ಗಂಟೆ ಬೇಕು. ದೊಡ್ಡ ಮುಳ್ಳು ನನ್ನ ಥರ. ಅಷ್ಟರಲ್ಲಿ ಊರೆಲ್ಲ ಸುತ್ತಿ ಬಂದಿರ್ತದೆ. ಒಂದು ಮನೆಗೆ ಐದು ನಿಮಿಷ. ಎರಡನೇ ಮನೆ?"

"ಹತ್ತು."

"ಮೂರನೇ ಮನೆ?"

"ಹದಿನೈದು."

ರಟ್ಟಿನ ಮುಳ್ಳು ತಿರುಗಿತು, ಮತ್ತೆ ತಿರುಗಿತು. ತರನ್ನುಮ್ ಎರಡು ಸಲ ತಪ್ಪಿದಳು, ನಾಲಿಗೆ ಕಚ್ಚಿದಳು, ಮೂರನೆಯ ಸಲ ತಪ್ಪಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿದರು. ಇಬ್ಬರೂ ಎದ್ದೇಳಲಿಲ್ಲ. ಬಡಿದವರು ಹೋದರು.

ಕೊನೆಗೆ ರಮಾದೇವಿ ರಟ್ಟಿನದನ್ನು ಪಕ್ಕಕ್ಕಿಟ್ಟು, ಕಪ್ಪುಹಲಗೆಯ ಮೇಲಿದ್ದ ನಿಜವಾದ ಗಡಿಯಾರದ ಕಡೆಗೆ ಬೆರಳು ತೋರಿಸಿದರು.

ತರನ್ನುಮ್ ಎದ್ದು ನಿಂತು, ಕತ್ತೆತ್ತಿ, ತುಟಿಯಲ್ಲೇ ಮನೆಗಳನ್ನು ಎಣಿಸಿದಳು.

"ಐದು ಗಂಟೆ... ನಲವತ್ತು ನಿಮಿಷ."

"ದಾದಿಗೆ ಔಷಧಿ?"

"ಆರು ಗಂಟೆಗೆ. ಇನ್ನೂ ಇಪ್ಪತ್ತು ನಿಮಿಷ ಇದೆ ಮಿಸ್. ಆಮೇಲೆ ಎಂಟಕ್ಕೆ. ಬೆಳಿಗ್ಗೆ ಆರಕ್ಕೆ, ಎಂಟಕ್ಕೆ, ಹತ್ತಕ್ಕೆ..."

"ಸರಿ. ಓಡು," ಎಂದು ರಮಾದೇವಿ ಅಗುಳಿ ತೆಗೆದರು.